ಯಾವ ಬಾಯಿಗೆ ಯಾವ ರಬ್ಬರ್ ಮೀನು: ಗಂಗೊಳ್ಳಿ ಅಳಿವೆಯಲ್ಲಿ ನಾಲ್ಕು ತಿಂಗಳು

ಅಕ್ಟೋಬರ್, ಮೊದಲ ವಾರ

ಮಳೆ ಹಿಂದೆ ಸರಿದಿದೆ. ಪಂಚಗಂಗಾವಳಿ ಹೊಳೆಯ ನೀರು ಇನ್ನೂ ಚಹಾ ಬಣ್ಣದಲ್ಲೇ ಇದೆ. ಜೂನ್‌ನಲ್ಲಿ ಕಟ್ಟಿಟ್ಟಿದ್ದ ಚೀಲ ಇವತ್ತು ಬಿಚ್ಚಿದೆ, ಎದೆ ಧಸಕ್ಕೆಂದಿತು. ಸಾಫ್ಟ್ ಪ್ಲಾಸ್ಟಿಕ್ ಲೂರ್‌ಗಳನ್ನೆಲ್ಲ, ಅಂದರೆ ಗಾಳಕ್ಕೆ ಸಿಕ್ಕಿಸುವ ಮೆತ್ತನೆಯ ನಕಲಿ ಮೀನು, ಹುಳಗಳನ್ನೆಲ್ಲ, ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಬಿಳಿ ಮೀನಿನ ಬಾಲ ನೀಲಿ ಹುಳದ ಹೊಟ್ಟೆಗೆ ಅಂಟಿಕೊಂಡು ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂತು. ಡಬ್ಬಿಯ ತಳದಲ್ಲೂ ಕುಳಿ ಬಿದ್ದಿದೆ. ಹನ್ನೊಂದು ಲೂರ್ ಹಾಳು.

ಕಾರಣ ಇಷ್ಟೇ. ಮಾಮೂಲಿ ಸಾಫ್ಟ್ ಪ್ಲಾಸ್ಟಿಕ್ ಅಂದರೆ ಪಿವಿಸಿ. ಅದನ್ನು ಮೆತ್ತಗೆ ಮಾಡುವುದು ಅದರೊಳಗಿನ ಎಣ್ಣೆಯಂಥ ದ್ರವ. ತುಂಬ ಹಿಗ್ಗುವ ಟಿಪಿಇ ಅನ್ನೋ ಇನ್ನೊಂದು ಜಾತಿ ಇದೆ. ಎರಡನ್ನೂ ತಾಗಿಸಿ ಇಟ್ಟರೆ ಈ ದ್ರವ ಅದಕ್ಕೆ ಇಳಿದು ಎರಡೂ ಕರಗುತ್ತವೆ. ಇನ್ನು ಮೇಲೆ ಪ್ರತಿಯೊಂದೂ ಅದು ಬಂದ ಪ್ಯಾಕೆಟ್‌ನಲ್ಲೇ ಇರಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಇಡಲೇಬಾರದು.

ಹೇಗೂ ಹೊಸದಾಗಿ ಕೊಳ್ಳಬೇಕು. ಈ ಸಲ ಪ್ಯಾಕೆಟ್ ಮೇಲಿನ ಚಿತ್ರ ನೋಡಿ ಕೊಳ್ಳುವುದಿಲ್ಲ. ಮೀನಿನ ಬಾಯಿ ನೋಡಿ ಕೊಳ್ಳುತ್ತೇನೆ.

ಅಕ್ಟೋಬರ್, ಕೊನೆ

ಮೊದಲು ಕಾಣೆ ಮೀನು. ಮಾರ್ಕೆಟ್‌ನಿಂದ ತಂದ ಕಾಣೆಗಳ ಹೊಟ್ಟೆ ಸೀಳಿ ನೋಡಿದೆ. ಮರಳು, ಹುಳದ ತುಂಡುಗಳು, ಅಕ್ಕಿ ಕಾಳಿನಷ್ಟು ಚಿಕ್ಕ ಸಿಗಡಿ. ಮೂತಿ ಉದ್ದ, ಬಾಯಿ ಅದರ ತುದಿಯಲ್ಲಿ, ಕಿರುಬೆರಳ ತುದಿ ಹೋಗುವಷ್ಟು. ಇಷ್ಟು ವರ್ಷ ಇದಕ್ಕೆ ಮೂರಿಂಚಿನ ಲೂರ್ ಎಸೆಯುತ್ತಿದ್ದೆ. ಎಲ್ಲಿ ನುಂಗೀತು?

ಈಗ ಒಂದೂವರೆ ಇಂಚಿನ ಗ್ರಬ್ (ಗಿಡ್ಡ ಹುಳದಂಥ ಲೂರ್), 3 ಗ್ರಾಂ ಜಿಗ್ ಹೆಡ್ (ತಲೆಯಲ್ಲಿ ತೂಕ ಇರುವ ಗಾಳ), ಅದೂ ಚಿಕ್ಕ ಗಾಳದ್ದು. ಮರಳು ತಳಕ್ಕೆ ಬಿಟ್ಟು ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಗ್ರಬ್ ಕುಪ್ಪಳಿಸಿದ ಕಡೆ ಸಣ್ಣ ಮರಳಿನ ಹೊಗೆ ಏಳುತ್ತದೆ. ಹುಳವೋ ಸಿಗಡಿಯೋ ಓಡಿತು ಅಂತ ಕಾಣೆ ಬರುತ್ತದೆ. ಬೆಳಿಗ್ಗೆ ಎರಡು ಗಂಟೆಯಲ್ಲಿ ಏಳು ಸಿಕ್ಕವು. ತಿಳಿ ಗುಲಾಬಿ ಬಣ್ಣಕ್ಕೆ ಐದು, ಕಂದು ಬಣ್ಣಕ್ಕೆ ಎರಡು.

ಅಂದಹಾಗೆ, ಈ ಮೆತ್ತನೆ ಲೂರ್‌ಗಳ ಕತೆ ಶುರುವಾಗಿದ್ದೂ ಹುಳದಿಂದಲೇ. 1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್‌ನಲ್ಲಿ ನಿಕ್ ಕ್ರೀಮ್ ಅನ್ನುವವರು ಅಡುಗೆಮನೆಯಲ್ಲೇ ಪ್ಲಾಸ್ಟಿಕ್ ಕಾಯಿಸಿ ಅಚ್ಚಿಗೆ ಹೊಯ್ದು ಎರೆಹುಳ ಮಾಡಿದರು. ಗ್ರಬ್ ಕೈಗೆ ತೆಗೆದುಕೊಂಡಾಗಲೆಲ್ಲ ಆ ಒಲೆ ನೆನಪಾಗುತ್ತದೆ.

ಒಂದೇ ಕಾಟ ಅಂದರೆ ಪಫರ್ ಮೀನು. ಎಳೆದು ನೋಡಿದರೆ ಗ್ರಬ್‌ನ ಬಾಲ ಕತ್ತರಿಯಲ್ಲಿ ಅರ್ಧಚಂದ್ರ ಕತ್ತರಿಸಿದ ಹಾಗೆ ಮಾಯ. ಹಾಗೆ ಎರಡು ಸಲ ಆದರೆ ಸುಮ್ನೆ ಜಾಗ ಬದಲಾಯಿಸುವುದು ಒಳ್ಳೆಯದು.

ನವೆಂಬರ್

ಈ ತಿಂಗಳು ಪೂರ್ತಿ ಕುರುಡಿಗೆ, ಅಂದರೆ ಸೀಬಾಸ್‌ಗೆ ಕೊಟ್ಟೆ.

ಇದರ ಬಾಯಿಯೇ ಬೇರೆ. ಬೆನ್ನಟ್ಟಿ ಹೋಗಿ ಕಚ್ಚುವ ಮೀನಲ್ಲ ಇದು. ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ನೆರಳಲ್ಲೋ ಸೇತುವೆ ಕಂಬದ ಹಿಂದೆಯೋ ನಿಂತಿರುತ್ತದೆ. ಬೇಟೆ ಹತ್ತಿರ ಬಂದಾಗ ಬಾಯಿ ಬಕೆಟ್‌ನಂತೆ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಮೇಲ್ಮಟ್ಟದಲ್ಲಾದರೆ 'ಬುಫ್' ಅಂತ ಸದ್ದು ಕೇಳುತ್ತದೆ. ಹಾಗಾಗಿ ಲೂರ್ ಅದರ ಮೂತಿಯ ಮುಂದೆ ಸ್ವಲ್ಪ ಹೊತ್ತು ಇರಬೇಕು. ಓಡಿ ಹೋದರೆ ಪ್ರಯೋಜನವಿಲ್ಲ.

ನನ್ನ ಜಾಗ ಒಂದು ಸಣ್ಣ ತೋಡು ಹೊಳೆಗೆ ಸೇರುವ ಬಾಯಿ. ಇಳಿತ ಶುರುವಾದಾಗ ತೋಡಿನೊಳಗಿನ ಸಿಗಡಿ, ಸಣ್ಣ ಮೀನು ಎಲ್ಲ ನೀರಿನ ಜೊತೆ ಹೊರಗೆ ಬರುತ್ತವೆ. ಕುರುಡಿ ಅಲ್ಲಿ ಕಾಯುತ್ತದೆ. ಮೊದಲ ಸಂಜೆ ನಾಲ್ಕು ಇಂಚಿನ ಪ್ಯಾಡಲ್ ಟೇಲ್‌ಗೆ (ಹುಟ್ಟಿನಂಥ ಬಾಲ ಅಲ್ಲಾಡಿಸುವ ಮೀನಿನಾಕಾರದ ಲೂರ್) 14 ಗ್ರಾಂ ಜಿಗ್ ಹೆಡ್ ಹಾಕಿದ್ದೆ. ಕಲ್ಲಿನ ಹಾಗೆ ಮುಳುಗಿತು. ಒಂದೂ ಮುಟ್ಟಲಿಲ್ಲ. ಮೀನು ಇತ್ತು, ಸದ್ದು ಕೇಳುತ್ತಲೇ ಇತ್ತು.

ಮರುದಿನ ಅದೇ ಲೂರ್, ತೂಕ ಮಾತ್ರ 5 ಗ್ರಾಂ. ಗಾಳದ ಮೊನೆಯನ್ನು ಪ್ಲಾಸ್ಟಿಕ್‌ನ ಬೆನ್ನಲ್ಲಿ ಹುದುಗಿಸಿ ಇಟ್ಟೆ, ಬೇರಿಗೆ ಸಿಕ್ಕಿಕೊಳ್ಳದ ಹಾಗೆ. ತೋಡಿನ ಒಳಗೆ ಎಸೆದು ನೀರೇ ಅದನ್ನು ಹೊರಗೆ ತರಲಿ ಅಂತ ಬಿಟ್ಟೆ. ದಾರ ಸಡಿಲವಾಗಿ ಬರುತ್ತಿತ್ತು. ಲೂರ್ ನಿಧಾನಕ್ಕೆ ಕೆಳಗಿಳಿಯುವಾಗ ದಾರ ಒಂದು ಸಲ 'ಟಪ್' ಅಂತ ಜಿಗಿಯಿತು. ಎತ್ತಿದೆ. ಮುಂದಿನ ಕ್ಷಣ ಮೀನು ನೀರಿನ ಮೇಲೆ, ಕಿವಿರು ಅಗಲಿಸಿ ತಲೆ ಕೊಡವುತ್ತಿತ್ತು. ಮುಸ್ಸಂಜೆಯಲ್ಲಿ ಅದರ ಕಣ್ಣು ಕೆಂಡದ ಹಾಗೆ ಹೊಳೆಯಿತು. 58 ಸೆಂಟಿಮೀಟರ್.

ಆ ವಾರ ಒಟ್ಟು ಮೂರು. ನಾಲ್ಕನೆಯದು ಇನ್ನೂ ದೊಡ್ಡದಿತ್ತು, ತಪ್ಪಿಸಿಕೊಂಡಿತು. ದಾರ ತುಂಡಾಗಿರಲಿಲ್ಲ. ಲೂರ್ ಜೊತೆ ಬಂದಿದ್ದ ಗಾಳವೇ ನೆಟ್ಟಗಾಗಿತ್ತು. ಇದು ಮುಖ್ಯ: ಎಂಥ ಒಳ್ಳೆ ಪ್ಲಾಸ್ಟಿಕ್ ಇದ್ದರೂ ಒಳಗಿನ ಗಾಳ ತೆಳು ತಂತಿಯದಾದರೆ ಕುರುಡಿಗೆ ಆಗದು. ಈಗ ದಪ್ಪ ತಂತಿಯ, 5/0 ಅಳತೆಯ ದೊಡ್ಡ ಗಾಳ ಮಾತ್ರ.

ದೊಡ್ಡ ಕುರುಡಿ ಸಿಕ್ಕರೆ ನಾನು ಬಿಟ್ಟುಬಿಡುತ್ತೇನೆ. ಈ ಮೀನು ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತದೆ. ಅಂದರೆ ದೊಡ್ಡವು ಹೆಚ್ಚಾಗಿ ಮೊಟ್ಟೆ ಇಡುವ ತಾಯಂದಿರು. ಅವು ನಮ್ಮ ಹೊಳೆಯಲ್ಲಿ ಉಳಿಯಬೇಕು ಅಲ್ವಾ.

ಡಿಸೆಂಬರ್

ಕೆಂಬೇರಿ, ಅಂದರೆ ರೆಡ್ ಸ್ನ್ಯಾಪರ್. ಬಾಯಿ ತೆರೆದು ನೋಡಿದರೆ ನಾಯಿಯ ಕೋರೆಹಲ್ಲಿನಂಥ ಹಲ್ಲು. ಇದು ಎಳೆದುಕೊಳ್ಳುವುದಿಲ್ಲ, ಹಾರಿ ಕಚ್ಚುತ್ತದೆ, ಕಚ್ಚಿ ಸೀದಾ ಕಲ್ಲಿನ ಸಂದಿಗೆ ಓಡುತ್ತದೆ. ಮೊದಲ ಎರಡು ಸೆಕೆಂಡ್‌ನಲ್ಲಿ ತಡೆದರೆ ಮೀನು ನಮ್ಮದು. 40 ಪೌಂಡ್ ತಡೆಯುವ ಲೀಡರ್ (ಲೂರ್‌ ಹತ್ತಿರದ ಗಟ್ಟಿ ದಾರ) ಹಾಕಿದ್ದೇನೆ, ರೀಲ್‌ನ ಡ್ರ್ಯಾಗ್, ಅಂದರೆ ದಾರ ಬಿಚ್ಚದಂತೆ ಹಿಡಿಯುವ ಬ್ರೇಕ್, ಬಿಗಿ.

ಪಿವಿಸಿ ಲೂರ್ ಒಂದು ಮೀನಿಗೆ ಒಂದರಂತೆ ಹರಿದು ಹೋಯಿತು. ಇಲ್ಲಿ ಟಿಪಿಇ ಕೈ ಹಿಡಿಯಿತು. ಮೂರಿಂಚಿನ ಒಂದೇ ಲೂರ್‌ನಲ್ಲಿ ಐದು ಕೆಂಬೇರಿ ಬಂದವು. ಹಲ್ಲಿನ ಗುರುತು ಮೈ ತುಂಬ ಇದೆ, ಬಾಲ ಇನ್ನೂ ಅಲ್ಲಾಡುತ್ತದೆ. ಒಂದೇ ತೊಂದರೆ, ಇದು ನೀರಲ್ಲಿ ತೇಲುವ ಜಾತಿ, ತೂಕ ಸ್ವಲ್ಪ ಜಾಸ್ತಿ ಹಾಕಬೇಕು. ಹೊಳೆಯಲ್ಲಿ ಸಿಗುವ ಕೆಂಬೇರಿ ಹೆಚ್ಚಾಗಿ ಮರಿಗಳು, ಬೆಳೆದವು ಸಮುದ್ರದ ಬಂಡೆಗಳಿಗೆ ಹೋಗುತ್ತವೆ. ಎರಡು ಇಟ್ಟುಕೊಂಡೆ, ಮೂರು ಬಿಟ್ಟೆ.

ಕ್ರಿಸ್ಮಸ್ ರಜೆಯಲ್ಲಿ ಸಾಗರದ ಕಡೆ ನೆಂಟರ ಕೆರೆ. ಅಲ್ಲಿ ಕೊರವ ಮೀನು, ಅಂದರೆ ಮುರ್ರೆಲ್. ತಾವರೆ ಎಲೆಗಳ ನಡುವೆ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಬಿಟ್ಟರೆ ಬೇರೆ ಏನೂ ನಡೆಯುವುದಿಲ್ಲ. ಕೊರವ ಹಾರಿ ಹಿಡಿದ ಕೂಡಲೇ ಎಳೆದರೆ ಕಪ್ಪೆ ಮಾತ್ರ ವಾಪಸ್ ಬರುತ್ತದೆ. 'ಒಂದು, ಎರಡು' ಎಣಿಸಬೇಕು, ಅದು ಬಾಯಿ ಮುಚ್ಚಿ ಕೆಳಗೆ ತಿರುಗಬೇಕು. ಆಗ ಕಪ್ಪೆಯ ಹೊಟ್ಟೆ ಅಮುಕಿ ಗಾಳ ಹೊರಬರುತ್ತದೆ. ಒಂದು ಕಡೆ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುತ್ತಿತ್ತು. ಕೆಳಗೆ ಕಾವಲಿಗೆ ದೊಡ್ಡವು ಇದ್ದೇ ಇರುತ್ತವೆ. ಅಲ್ಲಿಗೆ ಎಸೆಯಲಿಲ್ಲ.

ಜನವರಿ, ಎರಡನೇ ವಾರ

ಅಳಿವೆ ನೀರು ಈಗ ಕನ್ನಡಿ. ಅಕ್ಟೋಬರ್‌ನ ಕೆಂಪು ನೀರಲ್ಲಿ ನಡೆದ ಬಿಳಿ, ಗಿಳಿಹಸಿರು ಬಣ್ಣಗಳನ್ನು ಬದಿಗಿಟ್ಟೆ. ಈಗ ಮೈ ಪಾರದರ್ಶಕವಾಗಿರುವವು, ಬೆನ್ನು ಮಾತ್ರ ಕಪ್ಪಿರುವವು ಸಾಕು. ಮುಸ್ಸಂಜೆಗೆ ಮಾತ್ರ ಪೂರ್ತಿ ಕಪ್ಪು. ಕೆಳಗಿಂದ ನೋಡುವ ಮೀನಿಗೆ ಆಕಾಶದ ಎದುರು ಕಪ್ಪೇ ಚೆನ್ನಾಗಿ ಕಾಣುತ್ತದೆ.

ಗುಲಾಬಿ ಗ್ರಬ್ ಆರು ಉಳಿದಿವೆ. ಸಿಗಡಿ ಆಕಾರದ ಮೂರಿಂಚಿನ ಪ್ಯಾಕೆಟ್ ನಿನ್ನೆ ಬಂತು, ಬಾಲ ಅಲ್ಲಾಡುವುದಿಲ್ಲ, ಕಾಲು ಮಾತ್ರ ನಡುಗುತ್ತದೆ. ಶನಿವಾರ ಸಂಜೆ ಇಳಿತಕ್ಕೆ ಅದೇ ತೋಡಿನ ಬಾಯಿಯಲ್ಲಿ ಒಂದು ಗಂಟೆ ಅದು, ಒಂದು ಗಂಟೆ ಪ್ಯಾಡಲ್ ಟೇಲ್.