ಕಣ್ಣು ಕಾಣದ ಅಂಗಡಿಯವಳಿಗೆ ಒಂದು ನಾಣ್ಯ

“ಅಮ್ಮಾ, ಈಕಿಗೆ ಕಣ್ಣ ಕಾಣ್ಸಂಗಿಲ್ಲ, ಹೌದಲ್ಲ?”

ಮಗಳು ಕೀಬೋರ್ಡ್ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು. ಹೌದು ಅಂದೆ. ಕಂಪ್ಯೂಟರ್ ಆಟದೊಳಗೆ ನಾವಿದ್ದದ್ದು ಪಾಸ್ ಅನ್ನುವ ಪುಟ್ಟ ಹಳ್ಳಿಯಲ್ಲಿ. ಅಲ್ಲೊಬ್ಬಳು ಮೂಲಿಕೆ ಮಾರುತ್ತಾಳೆ. ಅವಳಿಗೆ ಕಣ್ಣಿಲ್ಲ. ನಮ್ಮ ಜೊತೆಗಾರನಿಗೆ ವಿಷ ಏರಿತ್ತು. ವಿಷ ಇಳಿಸುವ ಮಂತ್ರಕ್ಕೆ ಜಿನ್ಸೆಂಗ್ ಮತ್ತು ಬೆಳ್ಳುಳ್ಳಿ ಬೇಕು. ಎರಡನ್ನೂ ತಗೊಂಡೆವು. ಅಂಗಡಿಯವಳು ಒಟ್ಟು ಎಷ್ಟಾಯಿತು ಎಂದು ಹೇಳಿದಳು. ಆಮೇಲೆ ಆಟ ಸುಮ್ಮನೆ ನಿಂತಿತು. ಎಷ್ಟು ಕೊಡುತ್ತೀಯೋ ಅದನ್ನು ನೀನೇ ಟೈಪ್ ಮಾಡಬೇಕು.

ಮಗಳು ‘1’ ಒತ್ತಿದಳು. ಎಂಟರ್ ಒತ್ತಿದಳು. ಅಂಗಡಿಯವಳು ತಗೊಂಡಳು. ಸಾಮಾನು ನಮ್ಮ ಚೀಲಕ್ಕೆ ಬಂತು. ಬೇರೆ ಏನೂ ಆಗಲಿಲ್ಲ.

ನಾನೂ ಏನೂ ಹೇಳಲಿಲ್ಲ. ತುಟಿ ಕಚ್ಚಿಕೊಂಡು ಕೂತೆ. ಹೊರಗೆ ಪುಣೆಯ ಜುಲೈ ಮಳೆ ಹೊಯ್ಯುತ್ತಿತ್ತು.

ಆಟದ ಹೆಸರು ಅಲ್ಟಿಮಾ 4. ಅಮೆರಿಕದ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಮಾಡಿದ್ದು. ನನಗೆ ಅದು ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಹುಬ್ಬಳ್ಳಿಯಲ್ಲಿ. ನಮ್ಮ ಸೋದರಮಾವ ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಬೇಸಿಗೆ ರಜೆಯಲ್ಲಿ ಧಾರವಾಡದಿಂದ ಬಸ್ ಹತ್ತಿ ಹೋಗುತ್ತಿದ್ದೆ. ಮಧ್ಯಾಹ್ನ ವಿದ್ಯಾರ್ಥಿಗಳು ಊಟಕ್ಕೆ ಎದ್ದಾಗ ಒಂದು ಮಷೀನ್ ನನ್ನದು. ಫ್ಲಾಪಿ ಮಾತ್ರ ಇತ್ತು, ಕೈಪಿಡಿ ಇರಲಿಲ್ಲ. ಆಟದವರೆಲ್ಲ ‘ದೌ’, ‘ದೀ’ ಎಂದು ಹಳೇ ಇಂಗ್ಲಿಷ್ ಮಾತಾಡುತ್ತಾರೆ. ನಿಘಂಟು ತೊಡೆಯ ಮೇಲಿಟ್ಟುಕೊಂಡು ಆಡಿದ್ದೇನೆ. ಮುಗಿಸಲು ಆಗಲಿಲ್ಲ. ಆದರೆ ಆ ನಾಡು ಮನಸ್ಸಿನಿಂದ ಹೋಗಲೇ ಇಲ್ಲ.

ಮಗಳಿಗೆ ಏಳು ತುಂಬಿದ ಮೇಲೆ ಅವಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನಿಸಿತು. ಮೊದಲು ಬೇರೆ ಆಟಗಳನ್ನು ತೋರಿಸಿ ನೋಡಿದೆ. 1991ರ ಐ ಆಫ್ ದಿ ಬಿಹೋಲ್ಡರ್ ಹಾಕಿದೆ. ಊರಿನ ಕೆಳಗಿನ ಚರಂಡಿಯಲ್ಲಿ ಆಟ ಶುರು. ಹಿಂದಿನ ದಾರಿ ಕುಸಿದು ಮುಚ್ಚಿಹೋಗುತ್ತದೆ. ಅಷ್ಟು ಸಾಕಾಯಿತು, ಅವಳು ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. 1988ರ ಪೂಲ್ ಆಫ್ ರೇಡಿಯನ್ಸ್‌ನಲ್ಲಿ ಆರು ಜನರಿಗೆ ಹೆಸರಿಡುವುದು ಖುಷಿ ಕೊಟ್ಟಿತು. ಕಾಳಗ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಎರಡೂ ಒಳ್ಳೆ ಆಟಗಳೇ. ಹತ್ತು ಹನ್ನೆರಡು ವಯಸ್ಸಿಗೆ ಇರಲಿ ಎಂದು ಎತ್ತಿಟ್ಟೆ.

ಅಲ್ಟಿಮಾ 4 ಈಗ ಆಟಗಳನ್ನು ಮಾರುವ ಜಿಒಜಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕೈಪಿಡಿಯೂ ಜೊತೆಗೆ ಬರುತ್ತದೆ. ಹಳೆಯ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್ ಅನ್ನುವ ತಂತ್ರಾಂಶದೊಳಗೆ ಓಡುವುದರಿಂದ ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಗೊಂಬೆಗಳು ಕಡ್ಡಿಯಷ್ಟು ಸಣ್ಣವು. ರಕ್ತ ಗಿಕ್ತ ಇಲ್ಲ. ಸತ್ತರೆ ರಾಜ ಲಾರ್ಡ್ ಬ್ರಿಟಿಷ್‌ನ ಕೋಟೆಯಲ್ಲಿ ಮತ್ತೆ ಎದ್ದು ಕೂರುತ್ತೀರಿ. ಮೊದಲ ಸಲ ಹಾಗಾದಾಗ ಮಗಳು ಉಸಿರು ಬಿಟ್ಟದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ನಮ್ಮ ಕ್ರಮ ಇಷ್ಟೇ. ಶನಿವಾರ, ಭಾನುವಾರ, ತಿಂಡಿ ಆದ ಮೇಲೆ ನಲವತ್ತು ನಿಮಿಷ. ಕೀಲಿ ಒತ್ತುವವಳು ಅವಳು. ಓದಿ ಹೇಳುವವಳು ನಾನು, ಅದೂ ಕನ್ನಡದಲ್ಲಿ. ಅವಳ ಶಾಲೆ ಇಂಗ್ಲಿಷು. ಕೆಳಗೆ ಸೊಸೈಟಿಯಲ್ಲಿ ಮರಾಠಿ. ಕೋಥ್ರೂಡ್‌ನಲ್ಲಿ ಅವಳ ಕಿವಿಗೆ ಕನ್ನಡ ಬೀಳುವುದು ನಮ್ಮ ಮನೆಯ ನಾಲ್ಕು ಗೋಡೆಯೊಳಗೆ, ಅದೂ ‘ಹಲ್ಲುಜ್ಜು’, ‘ಊಟ ಮಾಡು’ ಅನ್ನುವಷ್ಟು. ಆಟದಲ್ಲಿ ಮಾತ್ರ ಕನ್ನಡಕ್ಕೆ ದೊಡ್ಡ ಕೆಲಸ ಸಿಕ್ಕಿತು. ರಾಜ ಮಾತಾಡಬೇಕು, ಭಿಕ್ಷುಕ ಮಾತಾಡಬೇಕು, ದೆವ್ವ ಮಾತಾಡಬೇಕು. ‘ದೌ’ ಅನ್ನುವುದನ್ನು ‘ನೀನು’ ಅನ್ನಲೋ, ‘ನೀವು’ ಅನ್ನಲೋ? ರಾಜ ‘ನೀನು’ ಅನ್ನಲಿ ಎಂದು ಮಗಳೇ ತೀರ್ಮಾನ ಮಾಡಿದಳು. ಅಂಗಡಿಯವರು “ಏನ್ ಬೇಕ್ರಿ ನಿಮಗ?” ಅನ್ನಬೇಕಂತೆ, ಧಾರವಾಡದ ಅಜ್ಜಿಯ ಹಾಗೆ. ಅವತ್ತಿನಿಂದ ಪಾಸ್ ಹಳ್ಳಿಯ ಅಂಗಡಿಯವಳಿಗೆ ನಮ್ಮ ಅಮ್ಮನ ದನಿ.

ಇಂಗ್ಲಿಷನ್ನೂ ಅವಳು ಬಿಡಲಿಲ್ಲ. ಇಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಅಕ್ಷರ. ಎ ಒತ್ತಿದರೆ ಅಟ್ಯಾಕ್, ಟಿ ಒತ್ತಿದರೆ ಟಾಕ್. ಸಿ ಅಕ್ಷರವನ್ನು ಮಂತ್ರ ಹಾಕುವುದಕ್ಕೆ ಕೊಟ್ಟಾಗಿದೆ. ಹಾಗಾಗಿ ಹತ್ತುವುದಕ್ಕೆ ಕೆ, ಅಂದರೆ ಕ್ಲೈಂಬ್ ಅನ್ನುವುದನ್ನು ಕೆ ಹಾಕಿ ಬರೆದಿದ್ದಾರೆ. ಶಾಲೆಯಲ್ಲಿ ಅದೇ ವಾರ ಆ ಪದ ಕಲಿತು ಬಂದಿದ್ದ ಮಗಳು ಕೈಪಿಡಿಯ ಪ್ರಿಂಟಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ತಿದ್ದಿದಳು. ಜನರ ಜೊತೆ ಮಾತಾಡುವಾಗ ಪದಗಳನ್ನು ಟೈಪ್ ಮಾಡಬೇಕು. ನೇಮ್, ಜಾಬ್, ಹೆಲ್ತ್. ಅವರ ಉತ್ತರದಲ್ಲಿ ಯಾವುದೋ ಒಂದು ಪದ ಹೊಸದಾಗಿ ಬರುತ್ತದೆ. ಅದನ್ನು ಹಿಡಿದು ಮತ್ತೆ ಕೇಳಬೇಕು. ಈ ಹಿಡಿಯುವ ಕೆಲಸವನ್ನು ನಾನು ಅವಳಿಗೇ ಬಿಟ್ಟೆ. ಎರಡೇ ವಾರದಲ್ಲಿ ನನಗಿಂತ ಚುರುಕಾದಳು.

ಈ ಆಟ ಯಾಕೆ ಹೀಗಿದೆ ಎಂದು ಹೇಳಬೇಕು. ಅಲ್ಲಿಯವರೆಗೆ ಇಂಥ ಆಟಗಳಲ್ಲಿ ಹೆಚ್ಚಾಗಿ ಗುರಿ ಒಂದೇ, ಕೊನೆಯಲ್ಲಿರುವ ದುಷ್ಟನನ್ನು ಕೊಲ್ಲುವುದು. ಗ್ಯಾರಿಯಟ್‌ನ ಮೊದಲಿನ ಆಟಗಳೂ ಹಾಗೇ ಇದ್ದವು. ಜನ ಬರೆದ ಪತ್ರಗಳನ್ನು ಓದಿದಾಗ ಅವನಿಗೆ ಒಂದು ವಿಷಯ ಹೊಳೆಯಿತು. ಗೆಲ್ಲುವುದಕ್ಕಾಗಿ ಆಟಗಾರರು ಅಂಗಡಿಯಲ್ಲಿ ಕದಿಯುತ್ತಿದ್ದರು, ಊರಿನವರನ್ನೇ ಕೊಲ್ಲುತ್ತಿದ್ದರು. ಆಟವೂ ಅದಕ್ಕೆ ಬಹುಮಾನ ಕೊಡುತ್ತಿತ್ತು. ಹಾಗಾಗಿ ನಾಲ್ಕನೆಯದರಲ್ಲಿ ಕೊನೆಯ ದುಷ್ಟನನ್ನೇ ತೆಗೆದ. ಎಂಟು ಗುಣಗಳನ್ನು ಇಟ್ಟ. ಎಂಟರಲ್ಲೂ ಪಕ್ವವಾದವನು ‘ಅವತಾರ್’. ಹೌದು, ನಮ್ಮ ಅವತಾರವೇ. ಹಿಂದೂ ಕಲ್ಪನೆಯಿಂದಲೇ ಆ ಪದ ತಗೊಂಡದ್ದು. ಗುಡಿಗಳಲ್ಲಿ ಧ್ಯಾನ ಮಾಡಲು ಒಂದೊಂದು ಗುಣಕ್ಕೂ ಒಂದು ಮಂತ್ರ ಉಂಟು. ಅಧ್ಯಾತ್ಮದ ಮಂತ್ರ ‘ಓಂ’.

ಎಂಟು ಗುಣಗಳಿಗೆ ಕನ್ನಡ ಹೆಸರಿಡಲು ನಮಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಕರುಣೆ, ಶೌರ್ಯ, ನ್ಯಾಯ, ತ್ಯಾಗ, ವಿನಯ ಬೇಗ ಬಂದವು. ಅಧ್ಯಾತ್ಮ ಅನ್ನುವುದು ಅವಳ ನಾಲಿಗೆಗೆ ಹೊರಳಲಿಲ್ಲ, ‘ಓಂದು’ ಅಂತಲೇ ಕರೆದಳು. ಪ್ರಾಮಾಣಿಕತೆ ಉದ್ದವಾಯಿತು ಎಂದು ‘ಖರೇ’ ಮಾಡಿದೆವು. ಸಿಕ್ಕಿಹಾಕಿಕೊಂಡದ್ದು ಆನರ್. ಮರ್ಯಾದೆ ಅಂದರೆ ‘ದೊಡ್ಡವರಿಗೆ ಮರ್ಯಾದೆ ಕೊಡು’ ಅನ್ನುವ ಮರ್ಯಾದೆಯಾಗುತ್ತದೆ. ಅಮ್ಮನಿಗೆ ಫೋನ್ ಹಚ್ಚಿದೆವು. “ಅದಕ್ಕೇನ, ಮಾತಿಗೆ ನಿಲ್ಲೋದು ಅನ್ರಿ” ಅಂದಳು. ಮಗಳು ಹಾಗೇ ಬರೆದುಕೊಂಡಳು.

ಈ ಎಂಟೂ ಮೂರರಿಂದ ಹುಟ್ಟುತ್ತವೆ. ಸತ್ಯ, ಪ್ರೀತಿ, ಧೈರ್ಯ. ಸತ್ಯ ನೀಲಿ, ಪ್ರೀತಿ ಹಳದಿ, ಧೈರ್ಯ ಕೆಂಪು. ಸತ್ಯವೂ ಪ್ರೀತಿಯೂ ಸೇರಿದರೆ ನ್ಯಾಯ, ಅದರ ಬಣ್ಣ ಹಸಿರು. ಮಗಳು ಇದನ್ನು ನಂಬಲಿಲ್ಲ. ವಾಟರ್ ಕಲರ್ ಡಬ್ಬಿ ತಂದಳು. ನೀಲಿಗೆ ಹಳದಿ ಬೆರೆಸಿದಳು, ಹಸಿರು ಬಂತು. ಹಳದಿಗೆ ಕೆಂಪು ಬೆರೆಸಿದಳು, ಕಿತ್ತಳೆ, ಅಂದರೆ ತ್ಯಾಗ. ಕೆಂಪಿಗೆ ನೀಲಿ, ನೇರಳೆ. ಮಾತಿಗೆ ನಿಲ್ಲಲು ಸತ್ಯವೂ ಬೇಕು, ಧೈರ್ಯವೂ ಬೇಕು. ಅದು ಅವಳಿಗೆ ಥಟ್ಟನೆ ಹೊಳೆಯಿತು. ಆಮೇಲೆ ಮೂರನ್ನೂ ಸೇರಿಸಿದಳು. ಆಟದ ಪ್ರಕಾರ ಬಿಳಿ ಬರಬೇಕು. ಬಂದದ್ದು ಕೆಸರು ಬಣ್ಣ. ಬೆಳಕಿನ ಲೆಕ್ಕ ಬೇರೆ, ಬಣ್ಣದ ಲೆಕ್ಕ ಬೇರೆ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಮೂರರಲ್ಲಿ ಯಾವುದೂ ಇಲ್ಲದ ಕಡೆ ವಿನಯ ಇದೆ, ಅದರ ಬಣ್ಣ ಕಪ್ಪು. ಅದರ ಮುಂದೆ ಅವಳು ಡ್ರಾಯಿಂಗ್ ಪುಸ್ತಕದಲ್ಲಿ ಜಾಗ ಖಾಲಿ ಬಿಟ್ಟಿದ್ದಾಳೆ. ಇನ್ನೂ ಹಾಗೇ ಇದೆ.

ನಕಾಶೆಯ ಸುದ್ದಿ ಹೇಳದೆ ಇರಲಾರೆ. ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಚೌಕಳಿ ನೋಟ್‌ಬುಕ್ ತಂದೆವು. ಆಟದಲ್ಲಿ ನೆಲದಡಿಯ ಗವಿಗಳಿಗೆ ಎಂಟೆಂಟು ಅಂತಸ್ತು. ಒಂದೊಂದು ಅಂತಸ್ತು ಅಡ್ಡ ಎಂಟು, ಉದ್ದ ಎಂಟು ಮನೆ. ಒಂದೊಂದು ಹೆಜ್ಜೆಗೂ ಪೆನ್ಸಿಲ್‌ನಲ್ಲಿ ಒಂದೊಂದು ಮನೆ ತುಂಬಬೇಕು. ಆಗ ನಮ್ಮ ಅಮ್ಮ ಧಾರವಾಡದಿಂದ ಬಂದಿದ್ದಳು. ಪುಸ್ತಕ ನೋಡಿ, “ಇದು ಎಷ್ಟು ಚುಕ್ಕಿದು?” ಅಂದಳು. ರಂಗೋಲಿ ಅಂದುಕೊಂಡಿದ್ದಳು. ಎಂಟು ಚುಕ್ಕಿ, ಎಂಟು ಸಾಲು ಅಂದಳು ಮೊಮ್ಮಗಳು. ಇಬ್ಬರೂ ತಲೆಗೆ ತಲೆ ಕೊಟ್ಟು ಕೂತರು.

ಒಂದು ದಿನ ಬಲಕ್ಕೆ ನಡೆದೇ ನಡೆದರೂ ಗೋಡೆ ಬರಲಿಲ್ಲ. ಒಂಬತ್ತನೇ ಮನೆಗೆ ಕಾಗದದಲ್ಲಿ ಜಾಗವೇ ಇಲ್ಲ. ಮಗಳಿಗೆ ಅಳು ಬರುವ ಹಾಗಾಯಿತು. ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಅಮ್ಮ ಹಾಳೆ ಕಿತ್ತು ಕೈಯಲ್ಲಿ ಹಿಡಿದು, ಎರಡು ತುದಿ ಸೇರಿಸಿ, ಬಳೆಯ ಹಾಗೆ ಸುತ್ತಿದಳು. “ಇಲ್ಲಿ ಬಿಟ್ಟಾಕಿ ಇಲ್ಲಿ ಬರ್ತಾಳ ನೋಡು” ಅಂದಳು. ಬಲದಂಚಿನಿಂದ ಹೊರಟರೆ ಎಡದಂಚಿಗೆ ಬಂದು ಸೇರುತ್ತೇವೆ. ಕಂಪ್ಯೂಟರ್ ಮುಟ್ಟದ ನನ್ನ ಅಮ್ಮ ಅದನ್ನು ಕಂಡುಹಿಡಿದಳು. ಆ ಹಾಳೆಗೆ ಅಂಟು ಹಚ್ಚಿ ಕೊಳವೆ ಮಾಡಿ, ಪೆನ್ ಸ್ಟ್ಯಾಂಡ್ ಪಕ್ಕ ಇಟ್ಟಿದ್ದೇವೆ.

ಮಕ್ಕಳಿಗೆ ಈ ಆಟಗಳನ್ನು ತೋರಿಸಬೇಕು ಅನ್ನುವವರಿಗೆ ನಾನು ಕೈಮುಗಿದು ಕೇಳುವುದು ಒಂದೇ. ಪಕ್ಕದಲ್ಲಿ ಕೂತುಕೊಳ್ಳಿ, ಫೋನ್ ಬೇರೆ ಕೋಣೆಯಲ್ಲಿಡಿ. ಉತ್ತರ ಹೇಳಬೇಡಿ, ಇಂಟರ್ನೆಟ್‌ನಲ್ಲಿ ಹುಡುಕಲೂ ಬೇಡಿ. ಈ ಆಟಗಳು ತುಂಬಾ ನಿಧಾನ. ನಾವು ಕೀಲಿ ಒತ್ತುವವರೆಗೆ ಕಾಯುತ್ತವೆ. ಏಳು ವರ್ಷದ ಮಗುವಿಗೆ ಯೋಚನೆ ಮಾಡಲು ಅಷ್ಟು ಹೊತ್ತು ಯಾರು ಕೊಡುತ್ತಾರೆ? ನಾವೂ ಕೊಡುವುದಿಲ್ಲ. ಸ್ಕೂಲ್ ಬಸ್ಸಿಗೆ ಹೊತ್ತಾಯಿತು ಎಂದು ಶೂ ಲೇಸ್ ಕೂಡ ನಾವೇ ಕಟ್ಟುತ್ತೇವೆ.

ಅಂಗಡಿಯವಳ ವಿಷಯಕ್ಕೆ ಬರುತ್ತೇನೆ.

ಆಟದ ಶುರುವಿನಲ್ಲಿ ಬಂಡಿಯಲ್ಲಿ ಕಣಿ ಹೇಳುವವಳೊಬ್ಬಳು ಸಿಗುತ್ತಾಳೆ. ಏಳು ಪ್ರಶ್ನೆ ಕೇಳುತ್ತಾಳೆ. ಅದರಲ್ಲೊಂದು ಹೀಗಿದೆ. ಎಣಿಸದ ನಾಣ್ಯದ ಚೀಲವನ್ನು ತಲುಪಿಸಲು ನಿನ್ನ ಕೈಗೆ ಕೊಟ್ಟಿದ್ದಾರೆ. ದಾರಿಯಲ್ಲಿ ಭಿಕ್ಷುಕ ಸಿಗುತ್ತಾನೆ. ಚೀಲವನ್ನು ಹಾಗೇ ತಲುಪಿಸುತ್ತೀಯಾ, ಅವನಿಗೆ ಒಂದು ನಾಣ್ಯ ಕೊಡುತ್ತೀಯಾ? ಮಗಳು ಒಂದು ಕ್ಷಣವೂ ಯೋಚಿಸದೆ ಕೊಟ್ಟಳು. ಹೀಗೆ ಪ್ರತಿ ಸಲವೂ ಕರುಣೆಯನ್ನೇ ಆರಿಸಿ, ಹಾಡುಗಾರ್ತಿಯಾಗಿ ಬ್ರಿಟನ್ ಊರಿನ ಹತ್ತಿರ ಆಟ ಶುರು ಮಾಡಿದಳು. ಆಮೇಲೆ ಕಂಡ ಭಿಕ್ಷುಕರಿಗೆಲ್ಲ ಕೊಡುತ್ತಲೇ ಬಂದಳು.

ಗುಣದ ಅಂಕಿಗಳನ್ನು ಆಟ ಎಲ್ಲೂ ತೋರಿಸುವುದಿಲ್ಲ. ತಿಳಿಯಬೇಕೆಂದರೆ ರಾಜನ ಕೋಟೆಗೆ ಹೋಗಿ ಹಾಕ್‌ವಿಂಡ್ ಅನ್ನುವ ಜ್ಞಾನಿಯನ್ನು ಕೇಳಬೇಕು. ಮೂರು ವಾರ ಬಿಟ್ಟು ಹೋದೆವು. ಅಷ್ಟರಲ್ಲಿ ಪಾಸ್‌ನಲ್ಲಿ ಇನ್ನೂ ಎರಡು ಸಲ ‘1’ ಒತ್ತಿಯಾಗಿತ್ತು. ಕರುಣೆ ಹೇಗಿದೆ ಎಂದು ಕೇಳಿದಳು. ಅವನು ಒಳ್ಳೆಯದಾಗಿಯೇ ಹೇಳಿದ. ಕುರ್ಚಿಯ ಮೇಲೆ ಕುಣಿದಳು. ಆಮೇಲೆ ‘ಖರೇ’ ಕೇಳಿದಳು. ಅವನು ಬೈದ. ಕನ್ನಡ ಮಾಡುವಾಗ ನಾನು ಆ ಮಾತನ್ನು ಮೆತ್ತಗೆ ಮಾಡಬಹುದಿತ್ತು. ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದಳು. “ಆದ್ರ ನಾ ಆ ರೊಕ್ಕಾ ಭಿಕ್ಷುಕಗ ಕೊಟ್ಟೆನಲ್ಲ” ಅಂದಳು. ನಿಜ, ಕೊಟ್ಟಿದ್ದಳು. ನಾನು ಏನು ಹೇಳಬೇಕಿತ್ತು? “ಅದು ಯಾರ ರೊಕ್ಕಾ?” ಎಂದಷ್ಟೇ ಕೇಳಿದೆ. ಅವಳ ಕಿವಿ ಕೆಂಪಾಯಿತು. ಅವತ್ತು ನಲವತ್ತು ನಿಮಿಷ ಆಗುವ ಮುಂಚೆಯೇ ಲ್ಯಾಪ್‌ಟಾಪ್ ಮುಚ್ಚಿದಳು.

ಮುಂದಿನ ಶನಿವಾರ ನಾನು ಕರೆಯುವ ಮುಂಚೆ ಬಂದು ಕೂತಿದ್ದಳು. ಕೋಟೆಯಿಂದ ಹೊರಬಿದ್ದು ನೇರ ದಕ್ಷಿಣಕ್ಕೆ, ಪಾಸ್‌ಗೆ ನಡೆದಳು. ದಾರಿಯಲ್ಲಿ ಭಿಕ್ಷುಕರನ್ನು ಹುಡುಕಲಿಲ್ಲ. ಮೂಲಿಕೆ ತಗೊಂಡು, ಅಂಗಡಿಯವಳು ಹೇಳಿದಷ್ಟನ್ನೇ ಬೆರಳಲ್ಲಿ ಎರಡೆರಡು ಸಲ ಎಣಿಸಿ ಟೈಪ್ ಮಾಡಿದಳು. ಮತ್ತೆ ತಗೊಂಡಳು, ಮತ್ತೆ ಪೂರ್ತಿ ಕೊಟ್ಟಳು. ಒಂದು ಸಲದ ಮೋಸ ತುಂಬಿಬರಲು ಹಲವು ಸಲ ಪೂರ್ತಿ ಕೊಡಬೇಕು ಎಂದು ನಾನು ಹೇಳಿರಲಿಲ್ಲ. ಕೈಯಲ್ಲಿದ್ದ ದುಡ್ಡು ಮುಗಿಯುತ್ತಾ ಬಂತು.

“ನಾ ಆಕಿಗೆ ಸಾರಿ ಅನ್ಬೇಕು. ಎಲ್ಲಿ ಟೈಪ್ ಮಾಡ್ಲಿ?”

ಹುಡುಕಿದೆವು. ಅಂಗಡಿಯಲ್ಲಿ ಕೊಳ್ಳುವ ಮಾತು ಬಿಟ್ಟರೆ ಬೇರೆ ಮಾತಿಗೆ ಜಾಗವಿಲ್ಲ. ಮಗಳು ಕುರ್ಚಿಯ ಮೇಲೆ ಮಂಡಿಯೂರಿ ಸ್ಕ್ರೀನಿನ ಹತ್ತಿರ ಬಾಯಿ ತಂದಳು. “ಅವತ್ತು ಕಡಿಮಿ ಕೊಟ್ಟಿದ್ದೆ ರೀ, ತಪ್ಪಾತು” ಎಂದು ಮೆಲ್ಲಗೆ ಅಂದಳು. ಗಾಜಿನ ಮೇಲೆ ಉಸಿರಿನ ಮಂಜು ಕೂತಿತು. ಅದನ್ನು ಫ್ರಾಕಿನ ತುದಿಯಿಂದ ಒರೆಸಿ, ಬೆಳ್ಳುಳ್ಳಿ ಇನ್ನೂ ಎಷ್ಟು ಬೇಕು ಎಂದು ನನ್ನನ್ನು ಕೇಳಿದಳು.