ಆವತ್ತು ಮೂರು ಪಾಯಿಂಟ್ ತಗೊಂಡಿದ್ದರೆ?

ನಾನು ಡೆಟ್ರಾಯ್ಟ್ ಕಡೆಯವನು ಅಂತ ಗೊತ್ತಾದ ತಕ್ಷಣ, ಅಮೆರಿಕನ್ ಫುಟ್‌ಬಾಲ್ ನೋಡುವವರು ಕೇಳುವ ಪ್ರಶ್ನೆ ಒಂದೇ. ಆಫೀಸಿನಲ್ಲೂ ಅದೇ, ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲೂ ಅದೇ. "2024ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೈಲಿ ನಿಮ್ಮ ಲಯನ್ಸ್ ಟೀಮಿನವರು ಸೋತರಲ್ಲ, ಆವತ್ತು ಸುಮ್ನೆ ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತಗೊಂಡಿದ್ದರೆ ಗೆಲ್ತಿದ್ದರು, ಅಲ್ವಾ?"

ಸೋತಿದ್ದೂ ಮೂರೇ ಪಾಯಿಂಟಿನಲ್ಲಿ. 34-31. ಹಾಗಾಗಿ ಲೆಕ್ಕ ಎಲ್ಲರಿಗೂ ಸಲೀಸು. ನಾನು ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಸುಮ್ಮನಾಗುತ್ತೇನೆ. ಪೂರ್ತಿ ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ.

ಈ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದವರು ನನ್ನ ಗೆಳೆಯನ ತಾಯಿ. ಅದೂ ಮ್ಯಾಚ್ ನಡೀತಿರುವಾಗಲೇ. ಹಾಸನದಿಂದ ಮೊಮ್ಮಗಳನ್ನು ನೋಡಲು ಬಂದಿದ್ದರು. ಅವನ ಮನೆಯ ಬೇಸ್‌ಮೆಂಟಿನಲ್ಲಿ ನಾವು ಏಳೆಂಟು ಜನ ನೀಲಿ ಜೆರ್ಸಿ ಹಾಕಿಕೊಂಡು ಕೂತಿದ್ದೆವು. ಆಂಟಿ ಸೋಫಾದ ತುದಿಯಲ್ಲಿ ಪಾತ್ರೆ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಜನವರಿಯಲ್ಲಿ ಅವರೆ ಇಲ್ಲದೆ ಅವರಿಗೆ ಆಗೋಲ್ಲ. ಸೊಗಡಿನ ಕಾಯಿ ಮಿಷಿಗನ್‌ನ ಚಳಿಯಲ್ಲಿ ಎಲ್ಲಿ ಸಿಗಬೇಕು? ಅಂಗಡಿಯ ಒಣಕಾಳೇ ಗತಿ. ಒಂದು ಕೈಯಲ್ಲಿ ಒತ್ತಿದರೆ ಬೇಳೆ ಪುಸಕ್ಕನೆ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಪಕ್ಕದ ಪೇಪರ್ ಮೇಲೆ. ಕಣ್ಣು ಮಾತ್ರ ಟಿವಿ ಕಡೆ.

ಅವರಿಗೆ ಆಟ ಹೇಳಿಕೊಟ್ಟಿದ್ದು ಕಬಡ್ಡಿ ಲೆಕ್ಕದಲ್ಲಿ. ಚೆಂಡು ಹಿಡಿದು ಎದುರಾಳಿಯ ಗೋಲು ಗೆರೆ ದಾಟಿದರೆ ಟಚ್‌ಡೌನ್, ಆರು ಪಾಯಿಂಟ್, ಮೇಲೊಂದು ಒದೆತ ಸೇರಿದರೆ ಏಳು. ಹತ್ತು ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದರೆ ನಾಲ್ಕನೆಯದು ಡೂ-ಆರ್-ಡೈ ರೇಡ್ ಇದ್ದ ಹಾಗೆ. ಆದರೆ ಇಲ್ಲಿ ತಪ್ಪಿಸಿಕೊಳ್ಳೋಕೆ ದಾರಿ ಇದೆ. ಗೋಲು ಕಂಬ ಹತ್ತಿರ ಇದ್ದರೆ ಒದ್ದು ಮೂರು ಪಾಯಿಂಟ್ ತಗೋಬಹುದು. ದೂರ ಇದ್ದರೆ ಚೆಂಡನ್ನು ಆದಷ್ಟೂ ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಬಹುದು. ಎರಡೂ ಬೇಡ ಅಂತ ನುಗ್ಗಿ ಕೆಟ್ಟರೆ, ಚೆಂಡು ಅಲ್ಲೇ ಅವರ ಪಾಲು.

ಲಯನ್ಸ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ನುಗ್ಗುವ ಜಾತಿ. ಪ್ರಶ್ನೆ ಕೇಳುವವರು ಇದನ್ನು ಆ ಒಂದು ಸಂಜೆಯ ಹುಚ್ಚು ಅಂದುಕೊಂಡಿರುತ್ತಾರೆ. ನನ್ನ ತಕರಾರು ಇರೋದೇ ಅಲ್ಲಿ.

ಈ ಟೀಮಿನ ಜಾತಕ ಸ್ವಲ್ಪ ಹೇಳಲೇಬೇಕು. ಕೊನೆಯ ಚಾಂಪಿಯನ್‌ಶಿಪ್ 1957ರಲ್ಲಿ. ಅದಾದ ಮೇಲೆ 2023ರವರೆಗೆ ಪ್ಲೇಆಫ್‌ನಲ್ಲಿ ಗೆದ್ದಿದ್ದು ಒಂದೇ ಒಂದು ಮ್ಯಾಚ್, 1992ರ ಜನವರಿಯಲ್ಲಿ. 2008ರಲ್ಲಿ ಹದಿನಾರಕ್ಕೆ ಹದಿನಾರೂ ಸೋತರು. ಆ ವರ್ಷ ಮಿನೆಸೋಟ ಮೇಲಿನ ಮ್ಯಾಚ್‌ನಲ್ಲಿ ಆಟ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಒರ್ಲೋವ್‌ಸ್ಕಿ ಹಿಂದಕ್ಕೆ ಓಡುತ್ತಾ ಓಡುತ್ತಾ ತನ್ನದೇ ಕೊನೆಯ ಗೆರೆ ದಾಟಿಬಿಟ್ಟ. ಗೆರೆ ದಾಟಿದ್ದು ಅವನಿಗೇ ಗೊತ್ತಿಲ್ಲ, ಇನ್ನೂ ಎಸೆಯೋಕೆ ಜಾಗ ಹುಡುಕುತ್ತಿದ್ದ. ಎದುರಾಳಿಗೆ ಎರಡು ಪಾಯಿಂಟ್ ದಾನ. ಮ್ಯಾಚ್ ಸೋತಿದ್ದು 12-10ರಲ್ಲಿ! ಇಂಥ ಟೀಮಿಗೆ ಕ್ಯಾಂಪ್‌ಬೆಲ್ 2021ರಲ್ಲಿ ಬಂದ. ಮೊದಲ ವರ್ಷ ಮೂರೇ ಗೆಲುವು. ಎರಡನೇ ವರ್ಷ ಮೊದಲ ಏಳರಲ್ಲಿ ಆರು ಸೋತು, ಕೊನೆಗೆ 9-8ಕ್ಕೆ ತಂದು ನಿಲ್ಲಿಸಿದ.

ಆಮೇಲೆ 2023ರ ಸೀಸನ್. ಸೆಪ್ಟೆಂಬರ್ 7, ಮೊದಲ ಮ್ಯಾಚ್, ಹಿಂದಿನ ವರ್ಷದ ಚಾಂಪಿಯನ್ ಕಾನ್ಸಸ್ ಸಿಟಿ ಮೇಲೆ, ಅವರದೇ ಅಂಗಳದಲ್ಲಿ. ಸ್ಕೋರ್ 0-0. ಲಯನ್ಸ್ ತಮ್ಮದೇ 17 ಗಜದ ಗೆರೆಯಲ್ಲಿ ಸಿಕ್ಕಿಕೊಂಡಿದ್ದಾರೆ, ನಾಲ್ಕನೇ ಅವಕಾಶ, ಎರಡು ಗಜ ಬೇಕು. ಯಾರಾದರೂ ಒದ್ದು ಕಳಿಸುತ್ತಾರೆ. ಲಯನ್ಸೂ ಒದೆಯುವ ಹಾಗೆ ನಿಂತರು. ಆದರೆ ಚೆಂಡು ಹೋಗಿದ್ದು ಒದೆಯುವವನ ಕೈಗಲ್ಲ, ಮುಂದೆ ನಿಂತಿದ್ದ ಜೇಲನ್ ರೀವ್ಸ್-ಮೇಬಿನ್ ಕೈಗೆ. ಅವನು ಮೂರು ಗಜ ನುಗ್ಗಿದ. ಅದೇ ಸರದಿಯಲ್ಲಿ ಟಚ್‌ಡೌನ್ ಬಂತು. ಎರಡನೇ ಅರ್ಧದಲ್ಲಿ ಕಾನ್ಸಸ್ ಸಿಟಿಯ ಕಡೇರಿಯಸ್ ಟೋನಿ ಕೈಗೆ ಬಂದ ಚೆಂಡು ಪುಟಿದು ನಮ್ಮ ಬ್ರಯನ್ ಬ್ರಾಂಚ್ ಕೈಗೆ ಬಿತ್ತು. ಅವನು 50 ಗಜ ಓಡಿ ಅದನ್ನೂ ಟಚ್‌ಡೌನ್ ಮಾಡಿದ. 21-20, ಗೆಲುವು. ಆ ಪುಟಿದ ಚೆಂಡು ನೆನಪಿರಲಿ.

ನವೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಚಾರ್ಜರ್ಸ್ ಮೇಲೆ 38-38, ಎರಡು ನಿಮಿಷವೂ ಉಳಿದಿಲ್ಲ. ಮತ್ತೆ ನಾಲ್ಕನೇ ಅವಕಾಶ, ಮತ್ತೆ ಎರಡು ಗಜ. ಒದ್ದರೆ ಮೂರು ಪಾಯಿಂಟ್ ಮುಂದೆ, ಆದರೆ ಚಾರ್ಜರ್ಸ್‌ಗೆ ತಿರುಗೇಟು ಕೊಡೋಕೆ ಟೈಮ್ ಸಿಗುತ್ತಿತ್ತು. ಕ್ಯಾಂಪ್‌ಬೆಲ್ ಒದೆಯಲಿಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಎಸೆದ, ಸ್ಯಾಮ್ ಲಪೋರ್ಟಾ ಹಿಡಿದ, ಗಡಿಯಾರ ಖಾಲಿ ಮಾಡಿ ಕೊನೇ ಕ್ಷಣದಲ್ಲಿ ಒದ್ದು 41-38ಕ್ಕೆ ಗೆದ್ದರು. ಆವತ್ತು ಎಲ್ಲರೂ ಭೇಷ್ ಅಂದರು. ಮುಂದಿನ ವಾರವಲ್ಲ ಅದರ ಮುಂದಿನ ವಾರ, ಥ್ಯಾಂಕ್ಸ್‌ಗಿವಿಂಗ್ ದಿನ, ಗ್ರೀನ್ ಬೇ ಮೇಲೆ ತಮ್ಮದೇ 23 ಗಜದಲ್ಲಿ ಅದೇ ಸುಳ್ಳು ಒದೆತದ ಆಟ ಕಟ್ಟಿದರು. ಕೆಟ್ಟಿತು. ಮ್ಯಾಚೂ 29-22ರಲ್ಲಿ ಹೋಯಿತು. ಆವತ್ತು ಇಡೀ ಊರು ಬೈದಿತ್ತು, ನಾನೂ ಸೇರಿ.

ಅಂತೂ 12 ಗೆದ್ದು 5 ಸೋತರು. 30 ವರ್ಷದ ಮೇಲೆ ಡಿವಿಷನ್ ಗೆದ್ದರು, ಅಂದರೆ ತಮ್ಮ ಗುಂಪಿನಲ್ಲಿ ಮೊದಲು ಬಂದರು. ಪ್ಲೇಆಫ್‌ನಲ್ಲಿ ಮನೆಗೆ ಬಂದವರು ಯಾರು? ರ‍್ಯಾಮ್ಸ್. ಅವರ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್, ಹನ್ನೆರಡು ವರ್ಷ ಇಲ್ಲೇ ಆಡಿದವನು. ಅವನನ್ನು ಕೊಟ್ಟು ಬದಲಿಗೆ ತಂದಿದ್ದು ಗಾಫ್‌ನನ್ನು. ರ‍್ಯಾಮ್ಸ್‌ಗೆ ಬೇಡವಾಗಿದ್ದ ಆ ಹುಡುಗನ ಹೆಸರನ್ನು ಫೋರ್ಡ್ ಫೀಲ್ಡ್ ತುಂಬಾ ಜನ ಕೂಗಿದರು. 24-23, ಗೆಲುವು. 32 ವರ್ಷದ ಬರ ಮುಗಿಯಿತು. ಮುಂದಿನ ವಾರ ಟ್ಯಾಂಪಾವನ್ನೂ ಸೋಲಿಸಿದರು. ಇನ್ನೊಂದು ಗೆದ್ದರೆ ಸೂಪರ್ ಬೌಲ್, ಅಂದರೆ ಫೈನಲ್. ಲಯನ್ಸ್ ಅಲ್ಲಿಗೆ ಯಾವತ್ತೂ ಹೋಗಿಲ್ಲ.

ಈಗ ಆ ಸಂಜೆಗೆ ಬರೋಣ. ಜನವರಿ 28. ಹಾಲ್ಫ್‌ಟೈಮ್‌ಗೆ ನಾವು 24-7 ಮುಂದೆ. ಬೇಸ್‌ಮೆಂಟಿನಲ್ಲಿ ಒಬ್ಬ ಆಗಲೇ ಸೂಪರ್ ಬೌಲ್ ನಡೆಯಲಿದ್ದ ಲಾಸ್ ವೇಗಸ್‌ಗೆ ಟಿಕೆಟ್ ಎಷ್ಟು ಅಂತ ನೋಡುತ್ತಿದ್ದ. ನಾನು ಫೋನ್ ಕಿತ್ತುಕೊಂಡೆ. ಚಿನ್ನಸ್ವಾಮಿಯಲ್ಲಿ 2016ರ ಐಪಿಎಲ್ ಫೈನಲ್ ನೋಡಿದ ಯಾರಿಗೇ ಆದರೂ ಈ ಭಯ ಗೊತ್ತು. ಗೇಲ್, ಕೊಹ್ಲಿ ಸೇರಿ ವಿಕೆಟ್ ಹೋಗದೆ 114 ಹೊಡೆದಿದ್ದರು. ಸೋತಿದ್ದು 8 ರನ್ನಿನಲ್ಲಿ.

ಮೂರನೇ ಕ್ವಾರ್ಟರ್. 24-10. ಎದುರಾಳಿಯ 28 ಗಜದ ಗೆರೆ, ನಾಲ್ಕನೇ ಅವಕಾಶ, ಎರಡು ಗಜ. ಒದ್ದರೆ ಸುಮಾರು 46 ಗಜದ ಒದೆತ. ಕ್ಯಾಂಪ್‌ಬೆಲ್ ಒದೆಯಲಿಲ್ಲ. ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಕೈಗೆ ಬಂತು, ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಆಗಲೇ ಆಂಟಿ ಕೇಳಿದ್ದು. "ಅಲ್ಲ ಕಣೋ, ಮೂರು ಸಿಗ್ತಿತ್ತಲ್ಲ. ಯಾಕೆ ಬಿಟ್ರು?"

ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 14 ಪಾಯಿಂಟ್ ಅಂತರ ಅಂದರೆ ಎದುರಾಳಿಗೆ ಎರಡು ಟಚ್‌ಡೌನ್ ಸಾಕು. 17 ಅಂದರೆ ಮೂರು ಸಲ ಬರಬೇಕು. ಆದರೂ ನಾನು ಈ ನಿರ್ಧಾರದ ಪರ. ಆ ಎರಡು ಗಜ ಸಿಕ್ಕಿ ಟಚ್‌ಡೌನ್ ಆಗಿದ್ದರೆ 31-10, ಅಲ್ಲಿಗೆ ಆಟ ಮುಗಿಯಿತು. ಸೀಸನ್ ಪೂರ್ತಿ ಆಡಿದ್ದು ಇದನ್ನೇ. ಎಸೆತ ಸರಿಯಿತ್ತು, ಆಟಗಾರನ ಕೈಗೇ ಬಂದಿತ್ತು. ಹಿಡಿದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ಚೆಂಡು ಬಿಟ್ಟಿದ್ದಕ್ಕೆ ಕೋಚನ್ನು ಯಾಕೆ ಬೈಯಬೇಕು?

ಸೋಲು ಶುರುವಾಗಿದ್ದು ಅದರ ನಂತರ. ಅವರ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಉದ್ದಕ್ಕೆ ಒಂದು ಚೆಂಡು ಎಸೆದ. ನಮ್ಮ ಕಿಂಡಲ್ ವಿಲ್ಡರ್ ಅದನ್ನು ಇನ್ನೇನು ಹಿಡಿದೇಬಿಟ್ಟ ಅನ್ನುವಷ್ಟರಲ್ಲಿ ಅದು ಅವನ ಹೆಲ್ಮೆಟ್ಟಿನ ಜಾಲರಿಗೆ ಬಡಿದು ಮೇಲಕ್ಕೆ ಪುಟಿಯಿತು. ಬ್ರ್ಯಾಂಡನ್ ಐಯುಕ್ ಮುಂದಕ್ಕೆ ಹಾರಿ ಹಿಡಿದ. 51 ಗಜ. ಸೆಪ್ಟೆಂಬರ್‌ನಲ್ಲಿ ಟೋನಿ ಕೈಯಿಂದ ಪುಟಿದು ನಮಗೆ ಬಂದಿದ್ದು, ಜನವರಿಯಲ್ಲಿ ವಿಲ್ಡರ್ ಮುಖದಿಂದ ಪುಟಿದು ಅವರಿಗೆ ಹೋಯಿತು. ಅದರಿಂದ ಟಚ್‌ಡೌನ್. ಮತ್ತೆ ಚೆಂಡು ನಮ್ಮ ಕೈಗೆ ಬಂದ ಮೊದಲ ಆಟದಲ್ಲೇ ಜಮೀರ್ ಗಿಬ್ಸ್ ಅದನ್ನು ಕೈಬಿಟ್ಟ. ಇನ್ನೊಂದು ಟಚ್‌ಡೌನ್. 24-24. ಬೇಸ್‌ಮೆಂಟಿನಲ್ಲಿ ಕೇಳುತ್ತಿದ್ದಿದ್ದು ಅವರೆಬೇಳೆ ಪಾತ್ರೆಗೆ ಬೀಳುವ ಸದ್ದು ಮಾತ್ರ.

ಎರಡನೇ ಸಲ ನುಗ್ಗಿದ್ದು ಕೊನೆಯ ಕ್ವಾರ್ಟರಿನಲ್ಲಿ. ಆಗ ನಾವು 27-24 ಹಿಂದೆ. 30 ಗಜದ ಗೆರೆ, ಬೇಕಾಗಿದ್ದು ಮೂರು ಗಜ, ಏಳು ನಿಮಿಷದ ಮೇಲೆ ಬಾಕಿ. ಆ ಸಲವೂ ಕೆಟ್ಟಿತು. ಇಲ್ಲಿ ನಾನು ಆಂಟಿ ಕಡೆ. ಒದ್ದು ಸಮ ಮಾಡಬೇಕಿತ್ತು. ಕೈ ಜಾರಿದ ಟೀಮಿಗೆ ಒಂದು ಉಸಿರು ಬೇಕಿತ್ತು. ಕಿಕ್ಕರ್ ಡಿಸೆಂಬರ್‌ನಲ್ಲಷ್ಟೇ ಬದಲಾಗಿದ್ದವನು, ಅವನ ಮೇಲೆ ಪೂರ್ತಿ ಭರವಸೆ ಇರಲಿಲ್ಲ ಅನ್ನೋರಿದ್ದಾರೆ. ಇರಬಹುದು. ನಾನಾಗಿದ್ದರೆ ಆದರೂ ಒದೆಸುತ್ತಿದ್ದೆ.

ಆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇವೆರಡಕ್ಕೂ ಅಲ್ಲ. ಯಾರೂ ಕೇಳದ ಮೂರನೆಯದೊಂದಿದೆ. ಕೊನೇ ನಿಮಿಷದ ಹತ್ತಿರ ನಾವು 34-24 ಹಿಂದೆ. ಚೆಂಡು ಟಚ್‌ಡೌನ್ ಗೆರೆಯ ಬಾಯಲ್ಲೇ ಇದೆ, ಮೂರನೇ ಅವಕಾಶ. ಎಸೆದು ತಪ್ಪಿದ್ದರೆ ಗಡಿಯಾರ ತಾನಾಗಿ ನಿಲ್ಲುತ್ತದೆ. ಇವರು ಡೇವಿಡ್ ಮಾಂಟ್ಗಮರಿ ಕೈಗೆ ಚೆಂಡು ಕೊಟ್ಟು ಓಡಿಸಿದರು. ಅವನನ್ನು ಹಿಂದೆಯೇ ಕೆಡವಿದರು. ಗಡಿಯಾರ ನಿಲ್ಲಿಸೋಕೆ ಒಂದು ಟೈಮ್‌ಔಟ್ ಸುಟ್ಟುಹೋಯಿತು. ಮುಂದಿನ ಆಟದಲ್ಲಿ ಜೇಮ್ಸನ್ ವಿಲಿಯಮ್ಸ್ ಟಚ್‌ಡೌನ್ ಹಿಡಿದ, 34-31. ಉಳಿದಿದ್ದು 56 ಸೆಕೆಂಡ್. ಆ ಟೈಮ್‌ಔಟ್ ಉಳಿದಿದ್ದರೆ ಎದುರಾಳಿಯನ್ನು ತಡೆದು ಇನ್ನೊಂದು ಸಲ ಚೆಂಡು ವಾಪಸ್ ಪಡೆಯುವ ದಾರಿ ಇತ್ತು. ಇರಲಿಲ್ಲ. ಚೆಂಡು ಸ್ಯಾನ್ ಫ್ರಾನ್ಸಿಸ್ಕೋದವರ ಕೈಗೆ ಹೋಯಿತು, ಅವರು ಮುಂದೆ ಓಡದೆ ಮಂಡಿ ಊರಿ ಟೈಮ್ ಮುಗಿಸಿದರು.

ಹಾಗಾಗಿ ನನ್ನ ಉತ್ತರ: ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು, ಆದರೆ ನೀವು ಕೇಳಬೇಕಾಗಿದ್ದು ಮೂರನೆಯದನ್ನ. ಇನ್ನು 31ಕ್ಕೆ 3 ಕೂಡಿಸಿ 34 ಅನ್ನೋದನ್ನು ಮಾತ್ರ ಬಿಟ್ಟುಬಿಡಿ. ಮೊದಲ ಸಲ ಒದ್ದು ಮೂರು ಪಾಯಿಂಟ್ ಬಂದಿದ್ದರೆ ಅಲ್ಲಿಂದ ಮುಂದಿನ ಮ್ಯಾಚೇ ಬೇರೆ. ವಿಲ್ಡರ್ ಆ ಜಾಗದಲ್ಲಿ ನಿಂತಿರುತ್ತಿದ್ದನೋ ಇಲ್ಲವೋ.

ಕ್ಯಾಂಪ್‌ಬೆಲ್‌ನನ್ನೂ ಆ ರಾತ್ರಿಯೇ ಪತ್ರಕರ್ತರು ಇದನ್ನೇ ಕೇಳಿದರು. ಆ ನಿರ್ಧಾರಗಳ ಬಗ್ಗೆ ಪಶ್ಚಾತ್ತಾಪ ಇಲ್ಲ ಅಂದ. ಮತ್ತೆ ಇಲ್ಲಿವರೆಗೆ ಬರೋದು ದುಪ್ಪಟ್ಟು ಕಷ್ಟ ಅಂತಲೂ ಹೇಳಿದ. ಹೇಳಿದ ಹಾಗೇ ಆಯಿತು. ಮುಂದಿನ ವರ್ಷ 15 ಗೆದ್ದು ಬರೀ ಎರಡು ಸೋತರು, ಆದರೆ ಪ್ಲೇಆಫ್‌ನ ಮೊದಲ ಮ್ಯಾಚ್‌ನಲ್ಲೇ ನಮ್ಮ ಅಂಗಳದಲ್ಲಿ ವಾಷಿಂಗ್ಟನ್ ಕೈಲಿ 45-31ರಲ್ಲಿ ಸೋತರು.

ಮಾರನೇ ದಿನ ಗೆಳೆಯ ಹಾಸನಕ್ಕೆ ಫೋನ್ ಮಾಡಿದಾಗ ನಾನೂ ಪಕ್ಕದಲ್ಲಿದ್ದೆ. ಆಂಟಿ ಅವನ ಹತ್ತಿರ ಫೋನ್ ಕೊಡಿಸಿಕೊಂಡು ನನ್ನನ್ನು ಕೇಳಿದರು.

"ನಿಮ್ಮ ಟೀಮ್ ಎಷ್ಟರಲ್ಲಿ ಸೋತಿತೋ?"

"ಹದಿನಾಲ್ಕು, ಆಂಟಿ."

"ಒಳ್ಳೇದಾಯ್ತು ಬಿಡು. ಹದಿನಾಲ್ಕಾದ್ರೆ ಯಾರೂ ಏನೂ ಕೇಳಲ್ಲ."