ಮೊದಲು ಟಾಯ್ಲೆಟ್, ಆಮೇಲೆ ಟೆಲಿಸ್ಕೋಪ್

ತಿಂಗಳಿಗೆ ನಾಲ್ಕೈದು ಜನರಾದರೂ ಇದನ್ನು ಕೇಳುತ್ತಾರೆ. "ಸಾರ್, ನಿಮ್ಮ ಥರ ನಾನೂ ಜನರಿಗೆ ನಕ್ಷತ್ರ ತೋರಿಸೋ ಕೆಲಸ ಶುರು ಮಾಡ್ಬೇಕು ಅಂತಿದ್ದೀನಿ, ಯಾವ ಟೆಲಿಸ್ಕೋಪ್ ತಗೊಳ್ಳಲಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ, ಇನ್ನು ಮೇಲೆ ಲಿಂಕ್ ಕಳಿಸಿ ಸುಮ್ಮನಾಗಬಹುದು.

ಉತ್ತರ: ಸದ್ಯಕ್ಕೆ ಯಾವುದೂ ಬೇಡ.

ನನಗೆ ಹಿರಿಯೂರಿನಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಅಮಾವಾಸ್ಯೆ ಆಸುಪಾಸು ಮುಹೂರ್ತ ಇರುವುದಿಲ್ಲ, ಕ್ಯಾಮೆರಾ ಬ್ಯಾಗ್ ಮೂಲೆಯಲ್ಲಿ ಕೂತಿರುತ್ತದೆ. ಆಕಾಶ ನೋಡುವುದಕ್ಕೆ ಒಳ್ಳೆಯ ದಿನಗಳೂ ಅವೇ. ಈ ವ್ಯಾಪಾರ ಶುರುವಾಗಿದ್ದೇ ಹಾಗೆ, ದೊಡ್ಡ ಕನಸು ಗಿನಸು ಏನೂ ಇರಲಿಲ್ಲ. ಊರಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ಗೌಡರೊಬ್ಬರ ಶೇಂಗಾ ಹೊಲ, ಪಕ್ಕದಲ್ಲಿ ಒಂದು ಕಣ. ಶನಿವಾರ ಸಂಜೆ ಹದಿನೈದು ಜನ ಬರುತ್ತಾರೆ, ಜಾಸ್ತಿ ಬೆಂಗಳೂರಿನವರೇ, 160 ಕಿಲೋಮೀಟರ್ ಗಾಡಿ ಓಡಿಸಿಕೊಂಡು.

ಬಂದವರು ಇಳಿದ ತಕ್ಷಣ ಕೇಳುವುದು ಶನಿ ಎಲ್ಲಿ, ಗುರು ಎಲ್ಲಿ ಅಂತ ಅಲ್ಲ. "ವಾಶ್‌ರೂಮ್ ಎಲ್ಲಿ?" ಮೊದಲ ಸಲ ನನ್ನ ಹತ್ತಿರ ಅದಕ್ಕೆ ಉತ್ತರವೇ ಇರಲಿಲ್ಲ. ಆ ಗುಂಪಿನಲ್ಲಿ ಆರು ಜನ ಹೆಂಗಸರಿದ್ದರು. ಊಟ ಆದಮೇಲೆ ಇಬ್ಬರು ಗೌಡರ ಮನೆಗೆ ಕಾರಿನಲ್ಲಿ ಹೋಗಿ ಬಂದರು, ಆ ಹೆಡ್‌ಲೈಟ್ ಬೆಳಕಿಗೆ ಎಲ್ಲರ ಕಣ್ಣೂ ಹಾಳಾಯಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಹಾಳಾಗುವುದಕ್ಕೆ ಒಂದು ಕ್ಷಣ ಸಾಕು. ಮಾರನೇ ವಾರವೇ ತಗಡಿನ ಟಾಯ್ಲೆಟ್ ಕಟ್ಟಿಸಿದೆ. ಒಳಗಿನ ಬಲ್ಬಿಗೆ ಉಡುಗೊರೆ ಸುತ್ತುವ ಕೆಂಪು ಹಾಳೆ ಸುತ್ತಿದ್ದೇನೆ, ಕೆಂಪು ಬೆಳಕಿಗೆ ಕಣ್ಣು ಅಷ್ಟಾಗಿ ಕೆಡುವುದಿಲ್ಲ. ಈ ವ್ಯಾಪಾರಕ್ಕೆ ನಾನು ಹಾಕಿದ ದುಡ್ಡಿನಲ್ಲಿ ಅತಿ ಹೆಚ್ಚು ದುಡಿದಿರುವುದು ಆ ತಗಡಿನ ಟಾಯ್ಲೆಟ್ಟೇ.

ಇನ್ನು ಲೆಕ್ಕ. ಒಂದು ಪಂಚಾಂಗ ತಗೊಳ್ಳಿ, ಐವತ್ತೋ ನೂರೋ ರೂಪಾಯಿ, ನಿಮ್ಮ ಮೊದಲ ಬಂಡವಾಳ ಅದೇ ಆಗಲಿ. ಹುಣ್ಣಿಮೆ ಹತ್ತಿರ ಬಂದರೆ ಚಂದ್ರನೊಬ್ಬನೇ, ಉಳಿದವರೆಲ್ಲ ಮಂಕು. ಸಂಜೆ ಕತ್ತಲು ಬೇಕೆಂದರೆ ಹುಣ್ಣಿಮೆ ಕಳೆದು ಐದಾರು ದಿನ ಆಗಬೇಕು, ಅಲ್ಲಿಂದ ಅಮಾವಾಸ್ಯೆ ದಾಟಿ ನಾಲ್ಕೈದು ದಿನ. ಅದರಲ್ಲಿ ವಾರಾಂತ್ಯ ಎಷ್ಟು ಸಿಗುತ್ತೆ? ತಿಂಗಳಿಗೆ ಎರಡು. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಅಕ್ಟೋಬರ್‌ನಲ್ಲಿ ಹಿಂಗಾರು, ಮೇ ತಿಂಗಳಲ್ಲಿ ಸಂಜೆಯಾದರೆ ಗುಡುಗು. ಉಳಿದಿದ್ದು ನವೆಂಬರ್‌ನಿಂದ ಏಪ್ರಿಲ್, ಅದರಲ್ಲೂ ಮೋಡ ಕದ್ದುಕೊಂಡು ಹೋಗುವುದಿದೆ. ಶುಕ್ರವಾರ, ಭಾನುವಾರ ಎಲ್ಲ ಸೇರಿಸಿದರೂ ವರ್ಷಕ್ಕೆ ಹದಿನೈದು ರಾತ್ರಿ ಸಿಕ್ಕರೆ ಪುಣ್ಯ. ತಲೆಗೆ 800 ರೂಪಾಯಿ, ರಾತ್ರಿಗೆ ಹದಿನೈದು ಜನ, ವರ್ಷಕ್ಕೆ 1,80,000. ಊಟ, ಗೌಡರ ಜಾಗದ ಬಾಡಿಗೆ, ಸಹಾಯಕ್ಕೆ ಬರುವ ಹುಡುಗನ ಕೂಲಿ ಕಳೆದರೆ ಕೈಯಲ್ಲಿ ಒಂದು ಲಕ್ಷ ಉಳಿಯುತ್ತದೆ. ಕೆಲಸ ಬಿಟ್ಟು ಇದಕ್ಕೆ ಇಳಿಯುತ್ತೇನೆ ಅನ್ನುವವರು ದಯವಿಟ್ಟು ಈ ಪ್ಯಾರಾ ಇನ್ನೊಂದು ಸಲ ಓದಿ.

ಮೋಡ ಬಂದರೆ? ದುಡ್ಡು ವಾಪಸ್, ಪೂರ್ತಿ. ಬೆಳಿಗ್ಗೆ ಹನ್ನೊಂದಕ್ಕೆ ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರ ನೋಡುತ್ತೇನೆ, ಅನುಮಾನ ಇದ್ದರೆ ಬರುವವರು ಬೆಂಗಳೂರು ಬಿಡುವ ಮೊದಲೇ ವಾಟ್ಸಾಪ್ ಮಾಡಿ ಬೇಡ ಅನ್ನುತ್ತೇನೆ.

ವರ್ಷದಲ್ಲಿ ಒಂದು ರಾತ್ರಿ ಮಾತ್ರ ಬಿಡಬೇಡಿ, ಶಿವರಾತ್ರಿ. ಅಮಾವಾಸ್ಯೆಯ ಹಿಂದಿನ ರಾತ್ರಿ, ಬೇಸಿಗೆಗೆ ಮುಂಚೆ, ಆಕಾಶ ತೊಳೆದಿಟ್ಟ ಹಾಗಿರುತ್ತೆ, ಮೇಲಾಗಿ ಜನ ಹೇಗೂ ಜಾಗರಣೆ ಮಾಡುತ್ತಾರೆ! ಸಂಜೆ ನೆತ್ತಿಯ ಹತ್ತಿರ ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧ (ಓರಿಯನ್), ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ. ರಾತ್ರಿ ಎರಡರ ಹೊತ್ತಿಗೆ ದಕ್ಷಿಣದಲ್ಲಿ ತೆಂಗಿನ ಮರದ ಎತ್ತರಕ್ಕೆ ತ್ರಿಶಂಕು, ಅಂದರೆ ಶಿಲುಬೆ ಆಕಾರದ ಸದರ್ನ್ ಕ್ರಾಸ್, ನಿಂತಿರುತ್ತದೆ, ಯುರೋಪಿನವರಿಗೆ ಊರಲ್ಲಿ ಕೂತು ಕಾಣದ್ದು ನಮಗೆ ಶೇಂಗಾ ಹೊಲದಲ್ಲಿ ಕಾಣುತ್ತದೆ. ಮೂರು ಗಂಟೆಗೆ ಒಮೆಗಾ ಸೆಂಟಾರಿ, ಲಕ್ಷಾಂತರ ನಕ್ಷತ್ರಗಳ ಗುಂಪು, ಬೈನಾಕ್ಯುಲರ್‌ನಲ್ಲಿ ರಾಗಿ ಹಿಟ್ಟು ಉದುರಿಸಿದ ಹಾಗೆ.

ಜನ ಕೇಳುವುದು ಏನು ಗೊತ್ತಾ? "ನನ್ನ ನಕ್ಷತ್ರ ತೋರಿಸಿ." ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಇದೇನು ಜ್ಯೋತಿಷ್ಯವಾ ಅಂತ. ಈಗ ಅಲ್ಲಿಂದಲೇ ಶುರು ಮಾಡುತ್ತೇನೆ. ಕೃತ್ತಿಕೆ, ರೋಹಿಣಿ, ಚಿತ್ರಾ, ಸ್ವಾತಿ, ಜಾತಕದ ಹಾಳೆಯಲ್ಲಿ ಮಾತ್ರ ನೋಡಿದ್ದ ಹೆಸರಿಗೆ ಒಂದು ಬೆಳಕಿನ ಚುಕ್ಕಿ ಸಿಕ್ಕಾಗ ಆ ಮುಖ ನೋಡಬೇಕು ನೀವು.

ಗೌಡರದ್ದೂ ಅದೇ ಕಥೆ. ಮೊದಲ ದಿನ ಟೆಲಿಸ್ಕೋಪಿನ ಕೊಳವೆ ಗಾಡಿಯಿಂದ ಇಳಿಸುವಾಗ "ಏನ್ ಸ್ವಾಮಿ, ಬೋರ್ ಪಾಯಿಂಟ್ ನೋಡೋಕಾ?" ಅಂದಿದ್ದರು. ಫೆಬ್ರವರಿಯ ಒಂದು ರಾತ್ರಿ, ಕಂಬಳಿ ಹೊದ್ದು ಪಕ್ಕದಲ್ಲಿ ನಿಂತಿದ್ದರು, ನಾನು ಮಹಾವ್ಯಾಧನ ಭುಜದ ಕೆಂಪು ಚುಕ್ಕಿ ತೋರಿಸಿ ಇದು ಆರಿದ್ರೆ ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. "ಇದೇನಾ ನಮ್ಮ ಆರಿದ್ರೆ? ಅರವತ್ತು ವರ್ಷ ಇದರ ಮಳೆ ಕಾದಿದ್ದೀನಿ, ಮುಖ ನೋಡಿರಲಿಲ್ಲ." ನೋಡಿರುವುದು ಹೇಗೆ, ಆರಿದ್ರೆ ಮಳೆ ಅಂದರೆ ಸೂರ್ಯ ಆ ನಕ್ಷತ್ರದ ಪಾದಗಳಲ್ಲಿ ಇರುವ ಕಾಲ, ಜೂನ್ ಕೊನೆ. ಆಗ ಅದು ಹಗಲಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತೆ. ಮಳೆ ಬರುವಾಗ ನಕ್ಷತ್ರ ಕಾಣುವುದಿಲ್ಲ, ನಕ್ಷತ್ರ ಕಾಣುವಾಗ ಮಳೆ ಇಲ್ಲ. ಇದನ್ನು ಈಗ ಬಂದವರಿಗೆ ಗೌಡರೇ ಹೇಳುತ್ತಾರೆ, "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಅಂತ ಗಾದೆ ಸೇರಿಸಿ. ನನಗಿಂತ ಅವರ ಮಾತೇ ಜನರಿಗೆ ಇಷ್ಟ, ಹೇಳಿಕೊಳ್ಳಲು ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ನಾನು ಮಾಡಿದ ದೊಡ್ಡ ತಪ್ಪು ಪೋಸ್ಟರಿನದ್ದು. 2025ರ ನವೆಂಬರ್‌ಗೆ ಶನಿಯ ದೊಡ್ಡ ಚಿತ್ರ ಹಾಕಿದ್ದೆ, ಅಗಲವಾದ ಉಂಗುರದ ಸಮೇತ. ಹದಿನೈದು ವರ್ಷಕ್ಕೊಮ್ಮೆ ಆ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸುತ್ತದೆ, ಅದು ಅದೇ ವರ್ಷ. ಗೊತ್ತಿತ್ತು, ಆದರೂ ಸುಮ್ನೆ ಹಳೇ ಪೋಸ್ಟರ್ ಎತ್ತಿ ಹಾಕಿಬಿಟ್ಟೆ. ಉಂಗುರದ ಅಗಲ ಲಕ್ಷಾಂತರ ಕಿಲೋಮೀಟರ್, ದಪ್ಪ ಕೆಲವು ಹತ್ತು ಮೀಟರ್ ಅಷ್ಟೇ, ಅಂಚಿನಿಂದ ನೋಡಿದರೆ ಏನು ಕಾಣುತ್ತೆ? ಒಬ್ಬರು "ಉಂಗುರ ಎಲ್ರೀ?" ಅಂತ ನನ್ನನ್ನೇ ಗುರಾಯಿಸಿದರು. ಒಂದು ಪುಟ್ಟ ಹುಡುಗಿ ಸ್ಟೂಲ್ ಹತ್ತಿ ನೋಡಿ, "ಅಪ್ಪಾ, ನಿಂಬೆಹಣ್ಣಿಗೆ ಪೊರಕೆ ಕಡ್ಡಿ ಚುಚ್ಚಿದ್ದಾರೆ" ಅಂದಳು. ಎಲ್ಲರೂ ಮತ್ತೆ ಸಾಲಿನಲ್ಲಿ ನಿಂತು ಪೊರಕೆ ಕಡ್ಡಿ ನೋಡಿದರು. ಅವತ್ತಿನಿಂದ ಪೋಸ್ಟರಿನಲ್ಲಿ ದೊಡ್ಡ ದೂರದರ್ಶಕಗಳು ತೆಗೆದ ಬಣ್ಣದ ಚಿತ್ರ ಹಾಕುವುದಿಲ್ಲ. ಮಹಾವ್ಯಾಧನ ನೀಹಾರಿಕೆ, ಅಂದರೆ ಅಲ್ಲಿರುವ ಅನಿಲ, ಧೂಳಿನ ಮೋಡ, ಕಣ್ಣಿಗೆ ಬೂದಿ ಬಣ್ಣದ ಹೊಗೆ ಥರ ಕಾಣುತ್ತೆ ಅಂತ ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇನೆ.

ಈ ಕೆಲಸ ನಮ್ಮ ದೇಶದಲ್ಲಿ ನಡೆಯುತ್ತಾ ಅನ್ನುವವರು ಲಡಾಖ್‌ನ ಹಾನ್ಲೆ ನೋಡಿ. ಅಲ್ಲಿನ ವೀಕ್ಷಣಾಲಯ ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ದೂರದರ್ಶಕವನ್ನು ಉಪಗ್ರಹದ ಮೂಲಕ ಹೊಸಕೋಟೆಯಿಂದ ಆಡಿಸುತ್ತಾರೆ. 2022ರಲ್ಲಿ ಸುತ್ತಲಿನ ಜಾಗವನ್ನು ಕತ್ತಲಿನ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಊರಿನವರಿಗೇ ತರಬೇತಿ, ಟೆಲಿಸ್ಕೋಪ್ ಕೊಟ್ಟರು, ಈಗ ಅವರು ಪ್ರವಾಸಿಗರಿಗೆ ಆಕಾಶ ತೋರಿಸಿ ಸಂಪಾದಿಸುತ್ತಾರೆ. ನಮ್ಮಲ್ಲಿ ಅಂಥ ಕತ್ತಲಿಲ್ಲ. ನನ್ನ ಕಣದಿಂದ ವಾಯುವ್ಯಕ್ಕೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿಣುಕುತ್ತವೆ, ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಅದನ್ನು ಮಂಗಳ ಗ್ರಹ ಅಂದುಕೊಳ್ಳುತ್ತಾರೆ.

ಉಳಿದದ್ದು ಬೇಗ ಹೇಳುತ್ತೇನೆ. ಅರಣ್ಯ ಇಲಾಖೆ ಜಾಗಕ್ಕೆ ಅನುಮತಿ ಇಲ್ಲದೆ ರಾತ್ರಿ ಕಾಲಿಡಬೇಡಿ, ಜಮೀನಿನವರಿಂದ ಒಪ್ಪಿಗೆ ಬರೆಸಿಕೊಳ್ಳಿ, ಠಾಣೆಗೆ ಒಂದು ಮಾತು ತಿಳಿಸಿ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಚಾಪೆ ಹಾಸುವ ಮೊದಲು ಕಣ ಗುಡಿಸಿ, ಚೇಳಿರುತ್ತೆ. ಹಸಿರು ಲೇಸರ್ ಬಳಸುವುದಾದರೆ ವಿಮಾನದ ಕಡೆ ಅಪ್ಪಿತಪ್ಪಿಯೂ ತಿರುಗಿಸಬೇಡಿ.

ಸರಿ, ಟೆಲಿಸ್ಕೋಪ್. ಡಬ್ಬಿಯ ಮೇಲೆ "500 ಪಟ್ಟು" ಅಂತ ಬರೆದಿರುವ ಸಣ್ಣದನ್ನು ನಾನು ಮೊದಲು ತಂದೆ, ಮೂರಿಂಚು ಅಗಲ, ನೂರೈವತ್ತು ಪಟ್ಟು ದಾಟಿದರೆ ಬರೀ ಮಸುಕು, ಕಾಲುಗಳು ಗಾಳಿಗೆ ನಡುಗುತ್ತಿದ್ದವು. ಈಗ ಇರುವುದು ಎಂಟು ಇಂಚಿನ ಡಾಬ್ಸೋನಿಯನ್, ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್. ಮೋಟಾರ್ ಇಲ್ಲ, ಕೈಯಲ್ಲೇ ತಿರುಗಿಸಬೇಕು, ಎತ್ತಲು ಸೊಂಟ ಗಟ್ಟಿ ಇರಬೇಕು. ಆದರೆ ಅದಕ್ಕೆ ಮುಂಚೆ ಒಂದು ವರ್ಷ 10x50 (ಹತ್ತು ಪಟ್ಟು, 50 ಮಿ.ಮೀ. ಗಾಜು) ಬೈನಾಕ್ಯುಲರ್ ಹಿಡಿದು ಅಮಾವಾಸ್ಯೆ ಅಮಾವಾಸ್ಯೆಗೂ ಒಬ್ಬರೇ ಹೊಲಕ್ಕೆ ಹೋಗಿ. ಚಳಿಯಲ್ಲಿ ಕೂತು ಮೂರನೇ ಗಂಟೆಗೂ ಬೇಸರ ಬರದಿದ್ದರೆ ಫೋನ್ ಮಾಡಿ, ಎಲ್ಲಿ ತಗೊಂಡೆ ಅಂತ ಹೇಳುತ್ತೇನೆ. ಮಳೆಗಾಲದಲ್ಲಿ ಮಾತ್ರ ಕೇಳಬೇಡಿ, ಆಗ ಕನ್ನಡಿಗೆ ಬೂಷ್ಟು ಹಿಡಿಯುತ್ತಿದೆಯಾ ಅಂತ ದಿನಾ ಟಾರ್ಚ್ ಬಿಟ್ಟು ನೋಡುವುದರಲ್ಲೇ ಇರುತ್ತೇನೆ.